ಬಚ್ಚಲಿನ ಹಳದಿ ಉರಿ

"ರಟ್ಟು ಹೋಗೂದೇ ಇಲ್ಲ ನೋಡಿ," ಎಂದಳು ಪ್ರತಿಭಾ.

ಲಾಡ್ಜಿನ ಮೂರನೇ ಕೋಣೆಯ ಬಚ್ಚಲ ಬಾಗಿಲ ಮುಂದೆ ಅವಳು ಮೊಣಕಾಲೂರಿ ಕೂತಿದ್ದಳು. ಹಳೆಯ ಕ್ಯಾಲೆಂಡರಿನ ರಟ್ಟೊಂದನ್ನು ಬಾಗಿಲಿನ ಅಡಿಯಿಂದ ಒಳಕ್ಕೆ ತೂರಿಸಲು ನೋಡಿದಳು. ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು. ಎಲ್ಲಿಯೂ ತೂರಲಿಲ್ಲ.

ಪಿಎಸ್‌ಐ ಮನೋಹರ ಟೋಪಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಗ್ಗಿ ನೋಡಿದರು. "ನಾನು ವಿಷ ಹುಡುಕ್ತಾ ಇದ್ದೇನೆ. ನೀವು ಬಾಗಿಲ ಸಂದಿ ಹುಡುಕ್ತಾ ಇದ್ದೀರಿ."

"ಎರಡೂ ಒಂದೇ ಆಗಿದ್ರೂ ಆಗಿರಬಹುದು ಸಾರ್."

ಶುಕ್ರವಾರ ಬೆಳಿಗ್ಗೆ ಇದೇ ಬಚ್ಚಲಲ್ಲಿ, ಪಂದ್ಯಾವಳಿಗೆಂದು ಕಿರವತ್ತಿಗೆ ಬಂದಿದ್ದ ಕಾನಸೂರಿನ ಕಬಡ್ಡಿ ತಂಡದ ನಾಯಕಿ ಕಾವ್ಯಶ್ರೀ ಕುಸಿದು ಬಿದ್ದಿದ್ದಳು. ಅಂದಿನಿಂದ ಇಡೀ ಊರು, ಲಾಡ್ಜಿನ ಅಡುಗೆಯ ಹೊನ್ನಿ ಅವಳಿಗೆ ಕೊಟ್ಟ ಶುಂಠಿ ಕಷಾಯದ ಮೇಲೆ ಗುಮಾನಿ ಇಟ್ಟುಕೊಂಡು ಕೂತಿತ್ತು.

ಗುಮಾನಿಗೆ ಕಾರಣವೂ ಇತ್ತು. ಹೊನ್ನಿ ಕಿರವತ್ತಿ ತಂಡದ ಅಭಿಮಾನಿ. ಹಿಂದಿನ ಸಂಜೆ ಮೈದಾನದಲ್ಲಿ ಎಲ್ಲರೆದುರು, "ಫೈನಲ್‌ದಾಗ ಆ ಕಾವ್ಯಶ್ರೀ ಕಾಲ ಏಳದಂಗ ಮಾಡ್ತೇನ್ರಿ!" ಎಂದು ನಕ್ಕಿದ್ದಳು. ಮರುದಿನ ಆ ಹುಡುಗಿಯ ಕಾಲು ನಿಜವಾಗಿಯೂ ಏಳಲಿಲ್ಲ. ಮನೋಹರ ಹೊನ್ನಿಯನ್ನು ಠಾಣೆಯ ಬೆಂಚಿನ ಮೇಲೆ ಆರು ತಾಸು ಕೂರಿಸಿದ್ದರು.

ಶಿರಸಿಯಲ್ಲಿ ಗ್ಯಾಸ್ ಒಲೆ, ಗೀಸರ್ ರಿಪೇರಿಯ ಅಂಗಡಿ ಇಟ್ಟಿರುವ ಪ್ರತಿಭಾಗೆ ಶನಿವಾರ ಫೋನ್ ಮಾಡಿದ್ದು ಆ ಹೊನ್ನಿಯೇ. ಈ ಹಿಂದೆ ಎರಡು ಮೂರು ಗೋಜಲು ಬಿಡಿಸಿ ಪೊಲೀಸರಿಂದಲೂ ಸೈ ಅನ್ನಿಸಿಕೊಂಡವಳು ಪ್ರತಿಭಾ. ಭಾನುವಾರ ಬೆಳಿಗ್ಗೆ ಮೊದಲ ಬಸ್ಸಿಗೇ ಹೊರಟು ಬಂದಿದ್ದಳು.

ಅವಳು ಬಾಗಿಲು ತೆರೆದು ಒಳಬದಿಯ ಅಂಚನ್ನು ಬೆರಳಿನಿಂದ ಸವರಿದಳು. ಕಪ್ಪು ರಬ್ಬರಿನ ಪಟ್ಟಿ. ಹೊಸದು. ಬಾಗಿಲಿನಡಿಯ ಸಂದಿಯನ್ನು ಅದು ನೆಲಕ್ಕೆ ಒತ್ತಿ ಮುಚ್ಚಿತ್ತು.

ತಲೆಯೆತ್ತಿ ಗೋಡೆ ನೋಡಿದಳು. ಮೇಲೆ ಗಾಜಿನ ಪಟ್ಟಿಗಳ ವೆಂಟಿಲೇಟರ್ ಇರಬೇಕಾದ ಜಾಗದಲ್ಲಿ ಪ್ಲೈವುಡ್ಡಿನ ಹಲಗೆ. ಅಂಚಿಗೆಲ್ಲ ಬಿಳಿ ಗೋಂದು ಮೆತ್ತಿದ್ದರು. ಉಗುರಿನಿಂದ ಒತ್ತಿದರೆ ಅದಿನ್ನೂ ಮೆತ್ತಗಿತ್ತು.

"ಇದು ಬಾತ್‌ರೂಮೋ, ಡಬ್ಬಿಯೋ?" ಎಂದು ಗೊಣಗಿದಳು.

ಹಲಗೆಯ ಪಕ್ಕದಲ್ಲೇ ಗ್ಯಾಸ್ ಗೀಸರ್ ತೂಗುತ್ತಿತ್ತು. ಬಿಳಿ ಪೆಟ್ಟಿಗೆಯ ನೆತ್ತಿಯಲ್ಲಿ ಅಂಗೈಯಗಲ ಮಸಿ. ಪ್ರತಿಭಾ ಕರವಸ್ತ್ರದಿಂದ ಒರೆಸಿ ಮನೋಹರರ ಮುಂದೆ ಹಿಡಿದಳು.

"ಒಳ್ಳೇ ಉರಿ ಮಸಿ ಮಾಡೂದಿಲ್ಲ ಸಾರ್. ಗಾಳಿ ಸಾಲದ ಉರಿ ಮಾಡ್ತದೆ."

ಆಮೇಲೆ ಅವಳು ಬಾಲ್ಕನಿಗೆ ನಡೆದಳು. ಸಿಲಿಂಡರ್ ಅಲ್ಲಿತ್ತು, ಅದರ ನಳಿಗೆ ಗೋಡೆ ತೂರಿ ಒಳಗೆ ಹೋಗಿತ್ತು. ಸಿಲಿಂಡರಿನ ಮೇಲೆ, ಆಳೆತ್ತರದಲ್ಲಿ, ಗೋಡೆಗೆ ನಾಲ್ಕು ತೂತು. ತೂತುಗಳ ನಡುವೆ ಸುಣ್ಣ ಮಾಸದೇ ಉಳಿದ ಒಂದು ಚೌಕ.

ಪ್ರತಿಭಾ ಟೇಪು ಬಿಚ್ಚಿ ಚೌಕವನ್ನು ಅಳೆದಳು. ಒಳಗೆ ಹೋಗಿ ಗೀಸರನ್ನು ಅಳೆದಳು. ಎರಡೂ ಒಂದೇ ಅಳತೆ.

"ಗೀಸರ್ ಮೊದ್ಲು ಹೊರಗಿತ್ತು," ಎಂದಳು. "ಎಲ್ಲಿರಬೇಕೋ ಅಲ್ಲೇ ಇತ್ತು. ಯಾರೋ ಒಳಗೆ ತಂದಿದ್ದಾರೆ."

ಅಷ್ಟರಲ್ಲಿ ಕೆಳಗೆ ರಸ್ತೆಯಲ್ಲಿ ಗದ್ದಲವೆದ್ದಿತು. ಆಟೋ ಹಾರ್ನು, ಶಿಳ್ಳೆ, ತಟ್ಟೆ ಬಡಿಯುವ ಸದ್ದು. "ಬಂದ್ಳು! ಬಂದ್ಳು!" ಎಂದು ಹುಡುಗಿಯರು ಮೆಟ್ಟಿಲು ಇಳಿದೋಡಿದರು.

ಆಸ್ಪತ್ರೆಯಿಂದ ಬಿಡುಗಡೆಯಾಗಿ ಕಾವ್ಯಶ್ರೀ ಬಂದಿದ್ದಳು. ಯಾರೋ ಅವಳನ್ನು ಎತ್ತಿಕೊಂಡರು, ಯಾರೋ ಚೆಂಡುಹೂವಿನ ಮಾಲೆ ಕೊರಳಿಗೆ ಹಾಕಿದರು. ಎದುರಾಳಿ ಕಿರವತ್ತಿ ತಂಡದ ಹುಡುಗಿಯರೂ ಬಂದು ಸುತ್ತುವರಿದರು. ಶನಿವಾರ ಆಗಬೇಕಿದ್ದ ಫೈನಲ್ ಪಂದ್ಯವನ್ನು ಅವಳಿಗಾಗಿಯೇ ಇಂದು ಸಂಜೆ ನಾಲ್ಕಕ್ಕೆ ಮುಂದೂಡಿದ್ದರು. ಆಡುವಂತಿರಲಿಲ್ಲ, ಡಾಕ್ಟರು ಬೇಡ ಅಂದಿದ್ದರು. ಆದರೂ ಅವಳು ಅಂಕಣದ ಪಕ್ಕದಲ್ಲಿ ಕೂತರೆ ಸಾಕು ಅನ್ನುವುದು ಎಲ್ಲರ ಆಸೆ.

ಕಾವ್ಯಶ್ರೀ ಫೋನಿನಲ್ಲಿ ಅಮ್ಮನಿಗೆ ಮನೆಯ ಹವ್ಯಕ ಮಾತಿನಲ್ಲಿ, ಅಳಬೇಡ, ಆರಾಮಿದ್ದೇನೆ ಎಂದು ಸಮಾಧಾನ ಹೇಳುತ್ತಲೇ ಮೆಟ್ಟಿಲು ಹತ್ತಿದಳು. "ಆಯೀ, ಆನು ಅಡ್ಡಿಲ್ಲೆ. ಅಳಡ. ಇಲ್ಲಿ ಎಲ್ಲ ಸೇರಿ ಎನ್ನ ಮದುಮಗಳ ಹಾಂಗೆ ಮಾಡಿಟ್ಟಿದ್ದ."

ಕೆಳಗೆ ಅಡುಗೆಮನೆಯ ಬಾಗಿಲಲ್ಲೇ ಹೊನ್ನಿ ನಿಂತಿದ್ದಳು. ಐವತ್ತು ದಾಟಿದ ಹೆಂಗಸು, ಎತ್ತಿ ಕಟ್ಟಿದ ಸೀರೆ, ಕೈಯಲ್ಲಿ ಸೌಟು. ಹತ್ತಿರ ಬರುವ ಧೈರ್ಯ ಆಗಿರಲಿಲ್ಲ.

ಪ್ರತಿಭಾ ಕಾವ್ಯಶ್ರೀಯನ್ನು ಬಾಲ್ಕನಿಯ ಕುರ್ಚಿಯಲ್ಲಿ ಕೂರಿಸಿದಳು. "ಎರಡೇ ಮಾತು ಕೇಳ್ತೇನೆ. ಆವತ್ತು ಒಳಗೆ ಎಷ್ಟು ಹೊತ್ತಿದ್ದೆ?"

"ಶೀಗೆಕಾಯಿ ಹಾಕಿ ತಲೆ ಮಿಂದಿದ್ದು ಅಕ್ಕಾ. ಇಪ್ಪತ್ತು ನಿಮಿಷ ಆಗಿತ್ತೇನೋ."

"ಏನಾದ್ರೂ ವಾಸನೆ ಬಂತಾ?"

"ಎಂಥಾ ವಾಸನೆಯೂ ಇಲ್ಲ. ತಲೆ ಭಾರ ಆಯ್ತು, ವಾಂತಿ ಬಂದ ಹಾಗೆ ಆಯ್ತು. ಬಾಗಿಲು ತೆಗೀಬೇಕು ಅಂತ ಗೊತ್ತಾಗ್ತಾ ಇತ್ತು, ಕೈ ಏಳ್ಲಿಲ್ಲ." ಅವಳು ಬಚ್ಚಲ ಕಡೆ ಕೈ ತೋರಿಸಿದಳು. "ಗೀಸರಿನ ಕಿಟಕಿಯಲ್ಲಿ ಉರಿ ಕಾಣ್ತದಲ್ಲ, ಅದು ಹಳದಿ ಇತ್ತು. ದೀಪದ ಹಾಗೆ. ಚೆಂದ ಕಾಣ್ತದೆ ಅಂತ ನೋಡ್ತಾ ನಿಂತಿದ್ದೆ."

ಪ್ರತಿಭಾ ಮನೋಹರರ ಮುಖ ನೋಡಿದಳು.

"ಕಷಾಯ ಪೂರ್ತಿ ಕುಡಿದಿದ್ಯಾ?"

"ಇಲ್ಲ. ಅರ್ಧ ಕುಡಿದು ಇನ್ನರ್ಧ ಅಭಿಜ್ಞಾಗೆ ಕೊಟ್ಟೆ."

ಎಲ್ಲರೂ ಒಟ್ಟಿಗೆ ಹಿಂದೆ ತಿರುಗಿದರು. ತಂಡದ ಇನ್ನೊಬ್ಬ ಆಟಗಾರ್ತಿ ಅಭಿಜ್ಞಾ ಮಾಲೆಯ ಹೂವೊಂದನ್ನು ಕಿತ್ತು ಬೆರಳಲ್ಲಿ ಹೊಸಕುತ್ತಿದ್ದಳು.

"ಕುಡಿದೆ ಸಾರ್," ಎಂದಳು ಸಣ್ಣ ದನಿಯಲ್ಲಿ. "ಹೇಳಿದ್ರೆ ನನ್ನನ್ನೂ ಠಾಣೆಗೆ ಕರ್ಕೊಂಡು ಹೋಗ್ತೀರಿ ಅಂತ ಹೆದರಿಕೆ ಆಯ್ತು."

"ಕುಡಿದ ಮೇಲೆ ಏನಾಯ್ತು?"

"ಮೂಗು ಬಿಟ್ಕೊಂತು."

ಹುಡುಗಿಯರು ಗೊಳ್ಳೆಂದು ನಕ್ಕರು. ಮನೋಹರರಿಗೂ ನಗು ತಡೆಯಲಿಲ್ಲ. ಆದರೆ ನಗು ಮುಗಿಯುವ ಮೊದಲೇ ಅವರು ಕೇಳಿದರು, "ಹಾಗಾದ್ರೆ ಈ ಹುಡುಗಿ ಬಿದ್ದದ್ದು ಯಾತಕ್ಕೆ?"

"ತೋರಿಸ್ತೇನೆ," ಎಂದಳು ಪ್ರತಿಭಾ. "ಲಾಡ್ಜ್ ಮಾಲಕರನ್ನೂ ಕರೀರಿ."

ಲಾಡ್ಜಿನ ಮಾಲಕ ಸಂಜಯ ಕೆಳಗಿನ ಢಾಬಾದಿಂದ ಕೈ ಒರೆಸಿಕೊಳ್ಳುತ್ತ ಬಂದ. ಮೂವತ್ತೈದರ ಆಸುಪಾಸು. ಅಚ್ಚುಕಟ್ಟಾಗಿ ಇಸ್ತ್ರಿ ಮಾಡಿದ ಅಂಗಿ. ಬಚ್ಚಲ ಬಾಗಿಲು ತೆರೆದಿರುವುದನ್ನು ಕಂಡು ಅವನ ನಡಿಗೆ ನಿಧಾನವಾಯಿತು.

ಪ್ರತಿಭಾ ಚೀಲದಿಂದ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಯಂತ್ರವೊಂದನ್ನು ತೆಗೆದಳು. ಉರಿಯಿಂದ ಹುಟ್ಟುವ ವಿಷಗಾಳಿಯನ್ನು ಅಳೆಯುವ ಯಂತ್ರ. ಅದನ್ನು ಗೀಸರಿನ ಎದುರಿನ ಸಾಬೂನು ಹಲಗೆಯ ಮೇಲಿಟ್ಟಳು. ಪಕ್ಕದಲ್ಲಿ ತನ್ನ ಫೋನನ್ನು ನಿಲ್ಲಿಸಿ ಮನೋಹರರ ಫೋನಿಗೆ ವಿಡಿಯೋ ಕಾಲ್ ಹಚ್ಚಿದಳು. ಷವರ್ ತಿರುಗಿಸಿದಳು. ಗೀಸರ್ ಟಪ್ ಎಂದು ಹೊತ್ತಿಕೊಂಡಿತು.

ಅವಳು ಹೊರಬಂದು ಬಾಗಿಲು ಮುಚ್ಚಿದಳು. "ಒಳಗೆ ಯಾರೂ ಹೋಗೂ ಹಾಗಿಲ್ಲ. ಅಭಿಜ್ಞಾ, ನೀನು ಸಿಲಿಂಡರ್ ಹತ್ರ ನಿಂತ್ಕೋ. ಬಂದ್ ಅಂದ ಕೂಡ್ಲೇ ತಿರುಗಿಸ್ಬೇಕು."

ಹದಿನಾಲ್ಕು ಹುಡುಗಿಯರು ಪಿಎಸ್‌ಐ ಸಾಹೇಬರ ಭುಜದ ಮೇಲಿಂದ ಪುಟ್ಟ ಪರದೆಗೆ ಕತ್ತು ಚಾಚಿದರು.

ಉರಿ ನೀಲಿಯಾಗಿತ್ತು. ಯಂತ್ರದ ಅಂಕಿ ಸೊನ್ನೆ. ಮೂರು ನಿಮಿಷಕ್ಕೆ ಒಂಬತ್ತು.

"ಇಷ್ಟೇಯಾ?" ಯಾರೋ ಅಂದರು.

"ತಡಿ."

ಏಳನೇ ನಿಮಿಷಕ್ಕೆ ಉರಿಯ ತುದಿ ಹಳದಿಗೆ ತಿರುಗಿತು. ಅಂಕಿ ಎಂಬತ್ತೈದು. ಯಂತ್ರ ಕೀಚ್ ಕೀಚ್ ಎಂದು ಕೂಗತೊಡಗಿತು. ಒಂಬತ್ತಕ್ಕೆ ನೂರ ತೊಂಬತ್ತು. ಉರಿ ಈಗ ಪೂರಾ ಹಳದಿ, ಸೋಮಾರಿಯಾಗಿ ತೂಗಾಡುತ್ತಿತ್ತು. ಹನ್ನೊಂದಕ್ಕೆ ಮುನ್ನೂರ ನಲವತ್ತು.

ಕಾವ್ಯಶ್ರೀ ಪಕ್ಕದಲ್ಲಿದ್ದವಳ ಕೈ ಹಿಡಿದುಕೊಂಡಳು.

"ಬಂದ್!"

ಅಭಿಜ್ಞಾ ಸಿಲಿಂಡರ್ ತಿರುಗಿಸಿದಳು. ಪ್ರತಿಭಾ ಉಸಿರು ಬಿಗಿಹಿಡಿದು ಬಾಗಿಲನ್ನು ಪೂರ್ತಿ ತಳ್ಳಿ, ಎಲ್ಲರನ್ನೂ ಬಾಲ್ಕನಿಗೆ ಅಟ್ಟಿದಳು.

"ಉರಿಗೂ ನಮ್ಮ ಹಾಗೇ ಉಸಿರು ಬೇಕು," ಎಂದಳು. "ಕೆಳಗಿಂದ ಹೊಸ ಗಾಳಿ ಬರಬೇಕು, ಮೇಲಿಂದ ಸುಟ್ಟ ಗಾಳಿ ಹೋಗಬೇಕು. ಈ ಕೋಣೆಯಲ್ಲಿ ಎರಡೂ ಬಂದ್. ಒಳಗಿನ ಗಾಳಿ ಮುಗೀತಾ ಬಂದ ಹಾಗೆ ಉರಿ ಕೆಡ್ತದೆ, ವಿಷ ಕಾರ್ತದೆ. ಅದಕ್ಕೆ ವಾಸನೆ ಇಲ್ಲ, ಬಣ್ಣ ಇಲ್ಲ. ಹೊನ್ನಿಯ ಕಷಾಯದಲ್ಲಿ ಇದ್ದದ್ದು ಶುಂಠಿ ಮಾತ್ರ."

ಮನೋಹರ ನಿಧಾನವಾಗಿ ಸಂಜಯನತ್ತ ತಿರುಗಿದರು. ಆದರೆ ಮೊದಲು ಮಾತಾಡಿದ್ದು ಪ್ರತಿಭಾ.

"ಬಾಗಿಲಿಗೆ ರಬ್ಬರ್ ಹಚ್ಚಿದ್ದು ಯಾರು?"

"ನಾನ ರೀ." ಸಂಜಯ ಒಣಗಿದ ಕೈಯನ್ನೇ ಮತ್ತೆ ಒರೆಸಿಕೊಂಡ. "ನೀರು ಹೊರಗ ಹರೀತಿತ್ತು. ಹೊಸಾ ಟೈಲ್ಸ್ ಹಾಕ್ಸೀನಿ, ಅದಕ್ಕ."

"ವೆಂಟಿಲೇಟರ್ ಮುಚ್ಚಿದ್ದು?"

"ಅದೂ ನಾನ."

"ಹೆಣ್ಣುಮಕ್ಕಳ ಉಸಿರು ಕಟ್ಟಿಸ್ಲಿಕ್ಕಾ?"

"ಅಯ್ಯೋ, ಹಂಗನಬ್ಯಾಡ್ರಿ ಅಕ್ಕಾರ!" ಸಂಜಯ ಎರಡೂ ಕೈ ಎತ್ತಿದ. "ಹೆಣ್ಣುಮಕ್ಕಳ ತಂಡ ಬರತೈತಿ, ಹಿಂದ ಲಾರಿ ನಿಲ್ಲಸೂ ಜಾಗ ಐತಿ, ಯಾರೂ ಏಣಿ ಇಟ್ಟು ಇಣುಕಬಾರ್ದು ಅಂತ ಮುಚ್ಚಿದೆ. ನನಗೂ ತಂಗಿ ಅದಾಳ್ರಿ. ದೇವರಾಣೆ, ಅವರ ಮರ್ಯಾದಿ ಕಾಯೂಣು ಅಂತ ಮಾಡಿದೆ."

ಪ್ರತಿಭಾ ಅವನ ಕಣ್ಣನ್ನೇ ನೋಡಿದಳು. ಸುಳ್ಳು ಹೇಳುವವನ ಕಣ್ಣಲ್ಲ ಅದು. ಆದರೂ ಬಿಡಲಿಲ್ಲ.

"ಶುಕ್ರವಾರವೇ ನಿಮಗೆ ಅನುಮಾನ ಬಂದಿತ್ತು, ಈ ಬಾಗಿಲು ತೆರೆದದ್ದು ಕಂಡೇ ನಿಮ್ಮ ಕಾಲು ತಡೀತು. ಹೌದಾ, ಅಲ್ಲವಾ?"

ಸಂಜಯ ನೆಲ ನೋಡಿದ.

"ಆ ಹುಡುಗೀನ ಎತ್ಕೊಂಡು ಹೊರಗ ತಂದಾವ ನಾನ ರೀ. ಒಳಗ ಹೋಗಿ ಬರೂದ್ರಾಗ ನನಗೂ ತಲಿ ತಿರುಗ್ತು. ಆವಾಗ್ಲೇ ಅನಿಸ್ತು."

"ಅನಿಸಿಯೂ ಸುಮ್ಮನಿದ್ರಿ. ಹೊನ್ನಿ ಠಾಣೆಯಲ್ಲಿ ಕೂತಾಗಲೂ ಸುಮ್ಮನಿದ್ರಿ."

"ಲಾಡ್ಜ್ ಮುಚ್ಚಸ್ತಾರ ಅಂತ ಅಂಜಿದೆ."

"ಹನ್ನೊಂದು ವರ್ಷ ನಿಮ್ಮ ಮನೆ ಅನ್ನ ಬೇಯಿಸಿದ ಹೆಂಗಸು ಅವಳು."

ಸಂಜಯ ಹುಡುಗಿಯರ ನಡುವೆ ದಾರಿ ಮಾಡಿಕೊಂಡು ಮೆಟ್ಟಿಲಿಳಿದ. ಅಡುಗೆಮನೆಯ ಬಾಗಿಲಲ್ಲಿ ಹೊನ್ನಿಯ ಎದುರು ನಿಂತು, ತಲೆ ತಗ್ಗಿಸಿ, "ಹೊನ್ನವ್ವಾ, ತಪ್ಪಾತು," ಎಂದ.

ಹೊನ್ನಿ ಸೌಟನ್ನು ಅವನತ್ತ ಎತ್ತಿ ತೋರಿಸಿದಳು.

"ಎರಡ ದಿನದಿಂದ ನನ್ನ ಕೈಲಿ ಒಬ್ರೂ ನೀರ ಇಸ್ಕೊಂಡಿಲ್ಲಪಾ," ಎಂದಳು. "ನನ್ನ ಮೊಮ್ಮಗಳನ್ನ ಸಾಲ್ಯಾಗ ಏನ ಅಂತಾರೋ ಅಂತ ನಿದ್ದಿ ಬಂದಿಲ್ಲ. ನೀ ಒಂದ ಮಾತ ಹೇಳಿದ್ರ ಮುಗೀತಿತ್ತು."

ಸಂಜಯ ಅಳತೊಡಗಿದ. ಹೊನ್ನಿ ಸೌಟಿನ ಹಿಡಿಯಿಂದ ಅವನ ಭುಜಕ್ಕೊಂದು ಸಣ್ಣ ಪೆಟ್ಟು ಕೊಟ್ಟಳು. "ಸಾಕ ಬಿಡು. ಇಷ್ಟ ದೊಡ್ಡಾಂವ ಹುಡುಗೀರ ಮುಂದ ಅಳತೀಯಲ್ಲ!"

ಮೆಟ್ಟಿಲ ಮೇಲಿಂದ ಕಾವ್ಯಶ್ರೀ ಕೂಗಿದಳು. "ಹೊನ್ನಕ್ಕಾ, ನನ್ನ ಕಷಾಯ ಎಲ್ಲಿ? ಈ ಸಲ ಪೂರ್ತಿ ಕುಡೀತೇನೆ. ಅಭಿಜ್ಞಾಗೆ ಒಂದು ಹನಿಯೂ ಇಲ್ಲ!"

ಆಮೇಲೆ ನಡೆದದ್ದನ್ನು ತಡೆಯುವುದು ಯಾರಿಂದಲೂ ಆಗುತ್ತಿರಲಿಲ್ಲ. ಎರಡೂ ತಂಡದ ಹುಡುಗಿಯರು ಹೊನ್ನಿಯನ್ನು ಎತ್ತಿಕೊಂಡರು. "ಬಿಡ್ರೇ, ಸೀರಿ ಜಾರತೈತಿ!" ಎಂದು ಅವಳು ಕಿರುಚಿದರೂ ಬಿಡದೆ ಢಾಬಾದ ಅಂಗಳಕ್ಕೆ ಮೂರು ಸುತ್ತು ಹೊಡೆಸಿದರು. ಹೆದ್ದಾರಿಯಲ್ಲಿ ಹೋಗುತ್ತಿದ್ದ ಲಾರಿಯವರು ನಿಲ್ಲಿಸಿ ಹಾರ್ನ್ ಮಾಡಿದರು. ದೊಡ್ಡ ಪಾತ್ರೆಯಲ್ಲಿ ಕಷಾಯ ಕುದಿಯಿತು. ಮೊದಲ ಲೋಟ ಮನೋಹರರ ಕೈಗೇ ಬಂತು.

ಅವರು ಲೋಟ ಹಿಡಿದು ಎದ್ದು ನಿಂತರು. "ಹೊನ್ನಮ್ಮ, ನಿಮ್ಮನ್ನು ಆರು ತಾಸು ಕೂರಿಸಿದ್ದು ನನ್ನ ತಪ್ಪು. ಎಲ್ಲರೆದುರು ಕೂರಿಸಿದ್ದೆ, ಎಲ್ಲರೆದುರೇ ಹೇಳ್ತಾ ಇದ್ದೇನೆ."

"ಕುಡೀರಿ ಸಾಹೇಬ್ರ," ಎಂದಳು ಹೊನ್ನಿ. "ಆರಿದ್ರ ಚಲೋ ಇರೂದಿಲ್ಲ." ಸೆರಗಿನಿಂದ ಕಣ್ಣೊರೆಸಿಕೊಂಡು ಮತ್ತೆ ಸೇರಿಸಿದಳು, "ಆದ್ರ ಒಂದ ಮಾತ. ಸಂಜಿ ಆಟದಾಗ ನಾ ಕೂಗೂದು ನಮ್ಮೂರ ತಂಡಕ್ಕ!"

ಪ್ರತಿಭಾ ನಗುತ್ತಲೇ ಮೆಟ್ಟಿಲು ಹತ್ತಿದಳು. ಅವಳ ಕೆಲಸ ಮುಗಿದಿರಲಿಲ್ಲ. ಸಂಜಯನೂ ಹಿಂದೆ ಬಂದ.

ಯಂತ್ರದ ಅಂಕಿ ಸೊನ್ನೆಗೆ ಇಳಿದಿತ್ತು. ಇಬ್ಬರೂ ಸೇರಿ ಪ್ಲೈವುಡ್ ಕಿತ್ತರು, ರಬ್ಬರ್ ಪಟ್ಟಿ ಸೀಳಿ ತೆಗೆದರು. ಬಿಸಿಲಿನ ಒಂದು ಪಟ್ಟಿ ಬಚ್ಚಲ ನೆಲಕ್ಕೆ ಬಿತ್ತು.

"ಇಣುಕೂದು ಬೇಡ ಅಂತಾದ್ರೆ ಮಬ್ಬು ಗಾಜಿನ ಪಟ್ಟಿ ಹಾಕ್ಸಿ, ಓರೆಯಾಗಿ ಕೂರ್ಸಿ. ಗಾಳಿ ಆಡ್ತದೆ, ಕಣ್ಣು ಹಾಯೂದಿಲ್ಲ," ಎಂದಳು ಪ್ರತಿಭಾ. "ಗೀಸರ್ ಮಾತ್ರ ಇವತ್ತೇ ಹೊರಗೆ ಹೋಗ್ಬೇಕು. ಕಿಂಡಿ ತೆರೆದಿದ್ರೂ ಅದು ಬಚ್ಚಲಲ್ಲಿ ಇರಬಾರ್ದು. ಅದನ್ನ ಒಳಗೆ ತಂದದ್ದು ಯಾಕೆ?"

"ಮಂಗ್ಯಾನ ಕಾಟ ರೀ. ನಳಿಗಿ ಜಗ್ಗಿ ಜಗ್ಗಿ ಇಡತಿದ್ವು. ಹದಿನೈದ ದಿನದ ಹಿಂದ ಮಿಸ್ತ್ರಿ ಬಂದು ಒಳಗ ಕೂರ್ಸಿದ."

"ನೀವು ಕರೆಸಿದ್ರಾ?"

"ಇಲ್ರಿ. ಅವನಾಗೇ ಬೈಕ್ ಮ್ಯಾಲೆ ಬಂದ. ಮಂಗ್ಯಾನ ವಿಷಯ ಅವಂಗ ಹೆಂಗ ಗೊತ್ತಾತೋ. ಮುಖಕ್ಕ ಮಾಸ್ಕ್ ಇತ್ತು. ಕೆಲಸ ಮಾಡಿದ, ಏನೂ ಇಸ್ಕೊಳ್ಳಲಿಲ್ಲ." ಸಂಜಯ ತಡವರಿಸಿದ. "ವೆಂಟಿಲೇಟರ್ ಮುಚ್ಚಿದ್ರ ನಡೀತದ ಏನು ಅಂತ ನಾ ಅವನನ್ನ ಕೇಳಿದ್ದೆ. ಮುಚ್ಚೇ ಬಿಡ್ರಿ, ಗಾಳಿ ಬಂದ್ರ ಉರಿ ಆರತೈತಿ ಅಂದ."

ಸ್ಕ್ರೂ ಬಿಚ್ಚುತ್ತಿದ್ದ ಪ್ರತಿಭಾಳ ಕೈ ನಿಂತಿತು.

ಈ ಕೆಲಸ ಬಲ್ಲ ಯಾವ ಮಿಸ್ತ್ರಿಯೂ ಆ ಮಾತು ಹೇಳಲಾರ. ತಿಳಿಯದೆ ಹೇಳಿದ ಮಾತಲ್ಲ ಅದು.

"ಎಲ್ಲಿಂದ ಬಂದವನು ಅಂದ?"

"ಶಿರಸಿ ಅಂಗಡಿಯಿಂದ."

ಕೊನೆಯ ಸ್ಕ್ರೂ ಬಿಚ್ಚಿತು. ಇಬ್ಬರೂ ಗೀಸರನ್ನು ಗೋಡೆಯಿಂದ ಇಳಿಸಿದರು. ಹಿಂಬದಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಲಕೋಟೆಯೊಂದು ಕಳಚಿ ಒದ್ದೆ ನೆಲದ ಮೇಲೆ ಬಿತ್ತು. ಒಳಗೊಂದು ಚೀಟಿ.

ಪ್ರತಿಭಾ ಲಕೋಟೆ ಎತ್ತಿ ಬೆಳಕಿಗೆ ಹಿಡಿದಳು. ಚೀಟಿಯ ಮೇಲೆ ನೇರಳೆ ಬಣ್ಣದ ಮೊಹರು: ಪ್ರತಿಭಾ ಗ್ಯಾಸ್ ಸರ್ವಿಸ್, ಶಿರಸಿ.

ಅವಳದೇ ಅಂಗಡಿಯ ಮೊಹರು. ಕೆಳಗೆ ಒಂದೇ ಸಾಲು: "ಒಳಗೆ ಕೂರಿಸಿದೆ. ಗಾಳಿ ಸರಿ ಇದೆ."

ಅವಳು ಈ ಲಾಡ್ಜಿಗೆ ಕಾಲಿಟ್ಟದ್ದು ಇಂದೇ ಮೊದಲು. ಆದರೆ ಅವಳ ಬೆನ್ನಿನಲ್ಲಿ ತಣ್ಣನೆಯ ನೀರು ಇಳಿದದ್ದು ಮೊಹರಿನಿಂದಲ್ಲ. ಆ ಅಕ್ಷರಗಳಿಂದ. ಬಾಲ ಉದ್ದವಾದ ಆ 'ಗಾ'ವನ್ನು ಅವಳು ಎಲ್ಲಿ ಕಂಡರೂ ಗುರುತಿಸಬಲ್ಲಳು. ನಾಗಪ್ಪಣ್ಣನ ಕೈಬರಹ. ಹದಿನೆಂಟು ವರ್ಷದ ಹಿಂದೆ ಅವಳ ಕೈಗೆ ನಟ್ಟು ತಿರುಗಿಸುವ ಮೊದಲ ಪಾನಾ ಕೊಟ್ಟು ಈ ವಿದ್ಯೆ ಕಲಿಸಿದವರು. ಗಂಡ ತೀರಿಕೊಂಡಾಗ ಅಂಗಡಿ ಹಾಕಿಸಿ, ಈಗ ವಯಸ್ಸಾಗಿ ಆ ಅಂಗಡಿಯಲ್ಲೇ ಕೂತು ಫೋನ್ ಎತ್ತುವವರು. ಗೀಸರನ್ನು ಬಚ್ಚಲೊಳಗೆ ಕೂರಿಸಿದರೆ ಕೈ ಮುರೀತೇನೆ ಎಂದು ಅವಳಿಗೆ ಗದರಿಸಿದವರು.

"ಏನಾತ್ರಿ?" ಎಂದ ಸಂಜಯ.

ಪ್ರತಿಭಾ ಬಾಲ್ಕನಿಗೆ ಹೋಗಿ ಅಂಗಡಿಗೆ ಫೋನ್ ಮಾಡಿದಳು. ಮೊದಲ ರಿಂಗಿಗೇ ಎತ್ತಿದರು.

"ತಂಗೀ, ಹುಡುಗಿ ಆರಾಮ ಆಯ್ತಾ?"

"ಆರಾಮ ಇದ್ದಾಳೆ ನಾಗಪ್ಪಣ್ಣ. ಕೆಳಗೆ ನಗಾಡ್ತಾ ಇದ್ದಾಳೆ."

"ಹ್ಞಾ! ಬದುಕಿದೆ ಮಾರಾಯ್ತಿ." ಮುದುಕರ ದನಿಯಲ್ಲಿ ನಿಜವಾದ ಸಂತೋಷವಿತ್ತು.

"ನೀವು ಯಾವತ್ತಾದ್ರೂ ಕಿರವತ್ತಿಗೆ ಬಂದಿದ್ರಾ?"

ಅಂಗಡಿಯ ಮುಂದೆ ಹಾದುಹೋದ ಬಸ್ಸಿನ ಸದ್ದು ಫೋನಿನಲ್ಲಿ ಕೇಳಿಸಿತು. ಆಮೇಲೆ ನಾಗಪ್ಪಣ್ಣ ತಗ್ಗಿದ ದನಿಯಲ್ಲಿ ಕೇಳಿದರು:

"ಚೀಟಿಯ ಹಿಂದಿನ ಬದಿ ನೋಡಿದ್ಯನೇ?"

ಪ್ರತಿಭಾ ಚೀಟಿಯ ಮಾತನ್ನೇ ಎತ್ತಿರಲಿಲ್ಲ.

"ನಾಗಪ್ಪಣ್ಣ, ನಿಮಗೆ ಹೇಗೆ..."

"ಆಮೇಲೆ ಬೈಯಿ. ಈಗ ಹೊತ್ತು ಕಳೀಬೇಡ. ಅದನ್ನ ಅಂಟಿಸಿದವ ಮುಂದೆ ಎಲ್ಲಿ ಹೋಗ್ತಾನೆ ಅಂತ ಹಿಂದೆ ಇದೆ, ಓದು." ಫೋನ್ ಕಡಿಯಿತು.

ಅವಳು ಲಕೋಟೆ ಹರಿದು ಚೀಟಿ ಮಗುಚಿದಳು. ಹಿಂದೆ ಬರೆದದ್ದು ಬೇರೆಯದೇ ಕೈ. ಅವಸರದ, ಒತ್ತಿದ ಅಕ್ಷರ.

"ದೊಡ್ಮನೆ. ಮದುವೆಮನೆ. ಗೀಸರ್ ಎರಡು. ಭಾನುವಾರ ಸಂಜೆ ದಿಬ್ಬಣ ಬಂದು ಸ್ನಾನಕ್ಕೆ ಇಳಿಯುವ ಮೊದಲು ಒಳಗೆ ಕೂರಿಸಿ ಆಗಬೇಕು."

ಕೆಳಗೆ ಹುಡುಗಿಯರು ಹೊನ್ನಿಯನ್ನು ಕುಣಿಸುತ್ತಿದ್ದರು. ಪ್ರತಿಭಾ ಕೈಗಡಿಯಾರ ನೋಡಿದಳು. ಭಾನುವಾರ, ಮಧ್ಯಾಹ್ನ ಎರಡೂವರೆ. ದೊಡ್ಮನೆ ಊರಿಗೆ ಜೀಪಿನಲ್ಲಿ ಹೋದರೂ ಮೂರು ತಾಸು.

"ಮನೋಹರ ಸಾರ್!" ಎಂದು ಕೂಗುತ್ತ ಅವಳು ಮೆಟ್ಟಿಲಿಗೆ ಓಡಿದಳು.